ತಿಂಡಿ ಮೇಜಿನ ವಿರೋಧ ಪಕ್ಷ

ಫೆಬ್ರವರಿ 11, ಬೆಳಿಗ್ಗೆ

ಟೋಸ್ಟ್ ಮತ್ತೆ ಸೀದಿತು. ತಪ್ಪು ಆಡಳಿತ ಪಕ್ಷದ್ದಲ್ಲ, ವಿರೋಧ ಪಕ್ಷದ್ದು. ವಿರೋಧ ಪಕ್ಷ ಅಂದರೆ ನಾನು.

ಇವಳು ಹಣಕಾಸು ಮಂತ್ರಿಯಾದಾಗಿನಿಂದ ಅಧಿವೇಶನದ ದಿನಗಳಲ್ಲಿ ಮನೆಯಲ್ಲಿ ಇದೇ ಕತೆ. ಜಾಮ್ ಬಾಟಲಿ ಸಭಾಧ್ಯಕ್ಷರು. ಆ ಕಡೆ ಕುರ್ಚಿಯಲ್ಲಿ ಮಾನ್ಯ ಸಚಿವರು, ಅಂದರೆ ನನ್ನ ಹೆಂಡತಿ. ಈ ಕಡೆ ಟೋಸ್ಟರ್ ಪಕ್ಕ ಚಮಚ ಹಿಡಿದು ನಾನು. ಬಾಯಿಗೆ ಬಂದದ್ದು ಕೇಳುತ್ತೇನೆ, ಅವಳು ಉತ್ತರ ಹೇಳಿ ನೋಡಿಕೊಳ್ಳುತ್ತಾಳೆ. ಅಲ್ಲಿ ಯಾರೂ ಕೇಳದಷ್ಟು ಕೆಟ್ಟ ಪ್ರಶ್ನೆಯನ್ನು ಇಲ್ಲಿ ಕೇಳಬೇಕು... ನಿಯಮ ಮಾಡಿದ್ದು ಅವಳೇ.

"ಮಾನ್ಯ ಸಚಿವರು ನಿದ್ದೆ ಮಾಡ್ತಿದಾರಾ ಅಧ್ಯಕ್ಷರೇ?" ಎಂದೆ.

"ಮಾನ್ಯ ಸದಸ್ಯರು ಮೊದಲು ಟೋಸ್ಟ್ ನೋಡ್ಕೊಳ್ಲಿ," ಎಂದಳು. ಹೊಗೆ ಆಗಲೇ ಮೇಲೆದ್ದಿತ್ತು.

ಹೊರಡುವಾಗ ಮಾಮೂಲಿ ಗಲಾಟೆ — ಕನ್ನಡಕ ಎಲ್ಲಿ? ತಲೆಯ ಮೇಲೇ ಇತ್ತು. ಅದಿಲ್ಲದಿದ್ದರೆ ಕೈಯಲ್ಲಿರುವ ಕಾಗದ ಅವಳಿಗೆ ಬರೀ ಬಿಳಿ ಬಟ್ಟೆ. ಒಂದಕ್ಷರ ಕಾಣದು. ಅಪರೂಪಕ್ಕೆ, ತೀರಾ ಸಿಟ್ಟು ಬಂದಾಗ, ತಾನೇ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾಳೆ. ಆಮೇಲೆ ಬರುವುದು ಕಾಗದದ ಮಾತಲ್ಲ, ಅವಳ ಮಾತು. ಮದುವೆಯಾದ ಮೇಲೆ ಹಾಗೆ ಆದದ್ದು ಮೂರೋ ನಾಲ್ಕೋ ಸಲ. ಅಷ್ಟೂ ಸಲ ಸೋತವನು ನಾನೇ.

ಫೆಬ್ರವರಿ 14

ಬಲಭುಜ ಇನ್ನೂ ಮರಗಟ್ಟಿದೆ. ಕೈ ಕಿವಿಯವರೆಗೂ ಏಳದು. ಬರೆಯುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಬರೆಯುವವನ ಪುಣ್ಯ.

ಫಿಸಿಯೋ ಬಂದಿದ್ದಳು. ವಾರಕ್ಕೆ ಎರಡು ಸಲ ಬಂದು ತೋಳನ್ನು ಹಿಂಡಿ ಹೋಗುತ್ತಾಳೆ. ಡಾಕ್ಟರಮ್ಮ ಎಂದು ಕರೆಯುತ್ತೇನೆ. "ನಾನು ಡಾಕ್ಟರ್ ಅಲ್ಲ ಸರ್," ಎನ್ನುತ್ತಾಳೆ, ಖುಷಿಯೂ ಪಡುತ್ತಾಳೆ. ಗಂಡ ಪಾರ್ಸೆಲ್ ವ್ಯಾನ್ ಓಡಿಸುತ್ತಾನೆ. ಒಬ್ಬಳು ಮಗಳು, ಇನ್ನೂ ಹಲ್ಲು ಬೀಳುವ ವಯಸ್ಸು. ಇವತ್ತು ಹೊಸ ಫೋನ್ ತೋರಿಸಿದಳು.

"ಕಂತಾ?" ಎಂದೆ.

"ಇಲ್ದಿದ್ರೆ ಎಲ್ಲಿಂದ ಸರ್? ಆದ್ರೆ ಗೊತ್ತೇ ಆಗಲ್ಲ. ಬೆರಳು ಒತ್ತಿದ್ರೆ ಆಯ್ತು." ಹಾಗೆನ್ನುತ್ತ ನನ್ನ ತೋಳನ್ನು ಹಿಂದಕ್ಕೆ ತಿರುಚಿದಳು. ಕಣ್ಣಲ್ಲಿ ನೀರು ಬಂತು. ರಬ್ಬರ್ ಪಟ್ಟಿಯೊಂದನ್ನು ಬಾಗಿಲ ಹಿಡಿಗೆ ಕಟ್ಟಿ ಹೋಗಿದ್ದಾಳೆ, ದಿನಾ ಎಳೆಯಬೇಕಂತೆ.

ಫೆಬ್ರವರಿ 18, ಸಂಜೆ

ಬಾಗಿಲು ತೆರೆದರೆ ಸಣಕಲು ಮನುಷ್ಯ, ತೊಳೆದು ತೊಳೆದು ಬಣ್ಣಗೆಟ್ಟ ಕೋಟು. ಒಂದು ಸಲ ಕೆಮ್ಮಿದರು. ತಕ್ಷಣ ಗುರುತು ಸಿಕ್ಕಿತು — ಕೆಮ್ಮಪ್ಪ! ಇವಳ ಇಲಾಖೆಯಲ್ಲಿ ಜನರ ಸಾಲಗಳ ಲೆಕ್ಕ ನೋಡುವ ಕಚೇರಿಯ ಮುಖ್ಯಸ್ಥರು. ಕೆಟ್ಟ ಸುದ್ದಿ ಹೇಳುವ ಮುಂಚೆ ಕೆಮ್ಮುತ್ತಾರೆಂದು ಇವಳೇ ಮನೆಯಲ್ಲಿ ಇಟ್ಟ ಹೆಸರು.

ಆಫೀಸಿನಲ್ಲಿ ಭೇಟಿಗೆ ಸಮಯ ಸಿಗುತ್ತಿಲ್ಲವಂತೆ. ವರದಿ ಕಳಿಸಿ ಕಳಿಸಿ ಸಾಕಾಗಿ ಕೈಯಾರೆ ತಂದಿದ್ದಾರೆ. ಇವಳು ಇನ್ನೂ ಬಂದಿರಲಿಲ್ಲ. ಬಿಸಿನೀರು ಕೊಟ್ಟೆ. ಸೋಫಾದ ಅಂಚಿನಲ್ಲಿ, ಎಲ್ಲಿ ಸವೆದೀತೋ ಎಂಬಂತೆ ಕುಳಿತರು.

"ಅಂಥದ್ದೇನಿದೆ ಅದರಲ್ಲಿ?" ಎಂದೆ.

"ಸಾಲ ಮಾಡಿ ಸಾಮಾನು ತಗೊಂಡ್ರೆ ನನಗೇನೂ ಭಯ ಇಲ್ಲ ಸರ್. ಈಗ ಜನ ಸಾಲ ಮಾಡಿ ಸಾಲದ ಕಂತು ಕಟ್ತಿದಾರೆ. ಇವರ ಹತ್ರ ತಗೊಂಡು ಅವರಿಗೆ, ಅವರ ಹತ್ರ ತಗೊಂಡು ಇನ್ಯಾರಿಗೋ. ಕೊಡೋರು ಒಂದು ದಿನ ಕೈ ಎತ್ತಿದ್ರೆ ಎಲ್ಲಾ ಮನೆಗಳೂ ಒಟ್ಟಿಗೆ ಕುಸಿಯುತ್ತೆ."

"ಹಾಗಾದ್ರೆ ಏನು ಮಾಡ್ಬೇಕು?"

ಮತ್ತೆ ಕೆಮ್ಮು. "ಒಬ್ಬರಿಗೆ ಇಷ್ಟೇ ಸಾಲ ಅಂತ ಮಿತಿ ಹಾಕ್ಬೇಕು. ನಿಯಮದ ಕರಡು ಕೊನೇಲಿದೆ. ಮೇಡಂ ಸಹಿ ಹಾಕಿದ್ರೆ ಸಾಕು."

ಡಾಕ್ಟರಮ್ಮನ ಫೋನ್ ನೆನಪಾಯಿತು. ಅವರು ನೀರು ಕುಡಿದು, ಲೋಟವನ್ನು ತಾವೇ ಒಳಗಿಟ್ಟು ಹೋದರು.

ಇವಳು ಬಂದು ಸೋಫಾದಲ್ಲಿ ಕಾಲು ಚಾಚಿ ವರದಿ ಓದಿದಳು. ಪೂರ್ತಿ ಓದಿದಳು, ಎದುರಿಗೇ ಕುಳಿತು ನೋಡಿದ್ದೇನೆ. ಕೊನೆಯ ಪುಟ ಎರಡು ಸಲ.

"ಹೇಗಿದೆ?"

"ಸರಿಯಾಗೇ ಬರೆದಿದಾರೆ. ಅದೇ ಕಷ್ಟ," ಎಂದಳು. "ಈಗ ಮಿತಿ ಹಾಕಿದ್ರೆ ಅಂಗಡಿಗಳೆಲ್ಲ ಖಾಲಿ. ಚುನಾವಣೆ ಮುಂದಿಟ್ಕೊಂಡು ನಾನು ಇದನ್ನ ಮುಟ್ಟಿದ್ರೆ, ದೊಡ್ಡವರು ನನ್ನ ಮುಟ್ತಾರೆ."

ದೊಡ್ಡವರು ಅಂದರೆ ಸರ್ಕಾರದ ಯಜಮಾನರು. ಇವಳನ್ನು ಮಂತ್ರಿ ಮಾಡಿದವರು.

ಫೆಬ್ರವರಿ 19, ಬೆಳಿಗ್ಗೆ

ವರದಿಯ ಸುದ್ದಿ ಹೇಗೋ ಹೊರಬಿದ್ದಿದೆ. ಇವತ್ತು ಸದನದಲ್ಲಿ ಕೇಳೇ ಕೇಳುತ್ತಾರೆ. ಇವಳ ಮುಖ ಸಪ್ಪಗೆ. ಕೆಲವು ವಾರಗಳಿಂದ ಹಾಗೇ — ನಕ್ಕದ್ದನ್ನು ನಾನು ಕಂಡಿಲ್ಲ.

ಚಮಚ ಎತ್ತಿದೆ. "ನಿಮ್ಮ ಅಧಿಕಾರಿಯೇ ಎಚ್ಚರಿಕೆ ಕೊಟ್ಟಿದ್ದು ನಿಜ ತಾನೇ?"

ಇವಳು ಓದಿದ ಉತ್ತರ ರೈಲಿನಷ್ಟು ಉದ್ದ. ಪರಾಮರ್ಶೆ, ಸಮಗ್ರ, ಪರಿಶೀಲನಾ ಹಂತ...

"ಜಾಮ್ ಬಾಟಲಿಗೇ ಆಕಳಿಕೆ ಬರ್ತಿದೆ ಕಣೇ," ಎಂದೆ. ಎದ್ದು, ಕೋಟಿನ ಗುಂಡಿ ಹಾಕಿಕೊಂಡಂತೆ ಮಾಡಿ, ಕೆಮ್ಮಪ್ಪನವರ ಹಾಗೇ ಒಂದು ಸಲ ಕೆಮ್ಮಿದೆ. ಆಮೇಲೆ ಇವಳ ದನಿಯಲ್ಲಿ: "ಒಬ್ಬ ಅಧಿಕಾರಿ ಕೆಮ್ಮಿದಾಗಲೆಲ್ಲ ಇಡೀ ದೇಶಕ್ಕೆ ಔಷಧಿ ಕುಡಿಸೋಕಾಗುತ್ತಾ, ಅಧ್ಯಕ್ಷರೇ?"

ಇವಳು ನಕ್ಕ ನಗುವಿಗೆ ಟೀ ಮೂಗಿಗೆ ಹತ್ತಿತು. ಮೇಜು ಬಡಿದಳು. ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಹೇಳ್ರೀ," ಎಂದಳು. ಹೇಳಿದೆ. ಕಾಗದದ ತುದಿಯಲ್ಲಿ ಬರೆದುಕೊಂಡಳು.

ಅದೇ ದಿನ, ಮಧ್ಯಾಹ್ನ

ಟಿವಿಯಲ್ಲಿ ನೋಡಿದೆ. ಹೇಳಿದಳು! ಕೆಮ್ಮಿಗೂ ಔಷಧಿಗೂ ನಡುವೆ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಳು. ಸದನ ಬಿದ್ದು ಬಿದ್ದು ನಕ್ಕಿತು, ಎದುರು ಸಾಲಿನವರೂ ಸೇರಿ. ಪ್ರಶ್ನೆ ಕೇಳಿದವನು ತಾನೂ ನಗುತ್ತ ಕುಳಿತುಬಿಟ್ಟ. ಪ್ರಶ್ನೆ ಅಲ್ಲಿಗೇ ಮುಗಿಯಿತು.

ನಲವತ್ತು ವರ್ಷ ಸೋಪಿಗೆ, ಬಿಸ್ಕತ್ತಿಗೆ, ಟಾರ್ಚಿನ ಬ್ಯಾಟರಿಗೆ ಜಾಹೀರಾತು ಬರೆದ ಕೈ ಇದು. ನಿವೃತ್ತನಾದ ಮೇಲೆ ಇಂಥದ್ದೊಂದು ಹುಟ್ಟಿತಲ್ಲ! ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕು, ಆದರೆ ಭುಜ ಬಿಡದು.

ಮಾರ್ಚ್ 2

ಔಷಧಿ ಅಂಗಡಿಗೆ ಹೋಗಿದ್ದೆ, ಭುಜದ ಮುಲಾಮಿಗೆ. ಕೌಂಟರಿನಲ್ಲಿ ಅದೇ ಬಣ್ಣಗೆಟ್ಟ ಕೋಟು. ಕೆಮ್ಮಿನ ಸಿರಪ್ಪು ಕೇಳುತ್ತಿದ್ದರು. ಹಿಂದೆ ನಿಂತಿದ್ದ ಯಾರೋ ಬೇಕೆಂದೇ ಖಕ್ ಖಕ್ ಎಂದ. ಇನ್ನೊಬ್ಬ, "ಇಡೀ ದೇಶಕ್ಕಾಗೋಷ್ಟು ಕೊಡಿ," ಎಂದ. ಅಂಗಡಿಯವನೂ ನಕ್ಕ. ಕೆಮ್ಮಪ್ಪ ಚಿಲ್ಲರೆ ಎಣಿಸದೆ ಜೇಬಿಗೆ ಹಾಕಿಕೊಂಡು ಹೊರಟರು.

ನಾನು ಟೂತ್‌ಪೇಸ್ಟ್ ಸ್ಟ್ಯಾಂಡಿನ ಹಿಂದೆ ನಿಂತು ಡಬ್ಬಿಯ ಮೇಲಿನ ಅಕ್ಷರ ಓದುತ್ತಿದ್ದೆ. ಅವರು ಹೋಗುವವರೆಗೂ ಓದಿದೆ. ಮುಲಾಮು ತರುವುದು ಮರೆತೆ.

ಇವಳಿಗೆ ಹೇಳಲಿಲ್ಲ.

ಮಾರ್ಚ್ 27, ಬೆಳಿಗ್ಗೆ

ಆ ಕರಡು ನಿಯಮ ಇನ್ನೂ ಮನೆಯಲ್ಲೇ ಇದೆ, ಹಣ್ಣಿನ ಬುಟ್ಟಿಯ ಕೆಳಗೆ. ತೆಗೆದು ಮುಂದಿಟ್ಟೆ. "ಇದೇನಾಯ್ತು?"

"ದೊಡ್ಡವರನ್ನ ಕೇಳಿದೆ. ಜನ ಖುಷಿಯಾಗಿದಾರೆ, ಯಾಕೆ ಕೆಡಿಸ್ತೀರಿ ಅಂದ್ರು. ಚುನಾವಣೆ ಆಗ್ಲಿ, ಮೊದಲ ಸಹಿ ಇದಕ್ಕೇ."

"ಮಾತಾ?"

"ವಿರೋಧ ಪಕ್ಷಕ್ಕೆ ಮಾತು ಕೊಡೋ ಪದ್ಧತಿ ಇಲ್ಲ," ಎಂದು ನಕ್ಕು ಎದ್ದಳು. ಬುಟ್ಟಿಯನ್ನು ಕರಡಿನ ಮೇಲೇ ಮತ್ತೆ ಇಟ್ಟಳು.

ಏಪ್ರಿಲ್ 9

ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದಳು. ಬಾಲ್ಕನಿಗೆ ಕರೆದು ತೋರಿಸಿದಳು. ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿಲ್ಲ. ಮಗಳು ತೆಗೆಯಲು ಬಿಡುತ್ತಿಲ್ಲವಂತೆ. ಎರಡು ಬಾಗಿಲಿನ ಫ್ರಿಜ್ಜೂ ಬಂದಿದೆಯಂತೆ.

"ಸ್ವಲ್ಪ ಜಾಸ್ತಿ ಆಗ್ಲಿಲ್ವಾ?" ಎಂದೆ. ಕೆಮ್ಮಪ್ಪನವರ ಮಾತು ಗಂಟಲವರೆಗೆ ಬಂದಿತ್ತು.

"ಎಲ್ರೂ ತಗೋತಿದಾರಲ್ಲ ಸರ್," ಎಂದಳು. ತೋಳು ಮುಂಚಿಗಿಂತ ಒಂದು ಗೇಣು ಮೇಲೆದ್ದಿತು. ಇಬ್ಬರಿಗೂ ಖುಷಿ. ಮಾತು ಅಲ್ಲಿಗೇ ಬಿಟ್ಟೆ.

ಜೂನ್ 6

ಚುನಾವಣೆಯಲ್ಲಿ ದೊಡ್ಡವರು ಗೆದ್ದರು. ಇವಳೂ. ಮನೆ ತುಂಬ ಹೂಗುಚ್ಛ, ಜನ, ಚಪ್ಪಲಿ. ಅದೇ ಖಾತೆ. ಕೆಮ್ಮಿನ ಮಾತನ್ನು ಪ್ರಚಾರದಲ್ಲಿ ಊರೂರಿಗೂ ಹೇಳಿದಳಂತೆ. ಪ್ರತಿ ಸಲವೂ ಚಪ್ಪಾಳೆ.

ಹಣ್ಣಿನ ಬುಟ್ಟಿ ಎತ್ತಿ ನೋಡಿದೆ. ಕರಡಿನ ಮೇಲೆ ಯಾವುದೋ ಹಣ್ಣಿನ ರಸ ಇಳಿದು ಒಣಗಿದೆ.

ಆಗಸ್ಟ್ 22

ಡಾಕ್ಟರಮ್ಮ ಬರದೆ ಮೂರು ವಾರ. ಫೋನ್ ಎತ್ತುತ್ತಿಲ್ಲ. ಇವತ್ತು ಗೊತ್ತಾಯಿತು ಏಕೆಂದು.

ಮಧ್ಯಾಹ್ನ ಗುರುತಿಲ್ಲದ ನಂಬರು. ಹುಡುಗನ ದನಿ, ಆದರೆ ಮಾತು ಮಾತ್ರ ಪೊರಕೆಯಲ್ಲಿ ಹೊಡೆದಂತೆ. "ಅವಳೆಲ್ಲಿ? ನಿಮ್ಮ ನಂಬರ್ ಕೊಟ್ಟಿದಾಳೆ. ಗೊತ್ತಿರೋರು ಅಂತ ಬರೆದಿದಾಳೆ. ಕಂತು ನೀವು ಕಟ್ತೀರಾ, ಇಲ್ಲಾ ಅಕ್ಕಪಕ್ಕದವರಿಗೆಲ್ಲ ಫೋನ್ ಮಾಡ್ಲಾ?"

"ಯಾರಪ್ಪ ನೀನು?" ಎಂದೆ.

"ನಾನ್ಯಾರಾದ್ರೆ ನಿಂಗೇನೋ ಮುದುಕ. ನೀನ್ಯಾರು ಅದು ಹೇಳು."

ಹಣಕಾಸು ಮಂತ್ರಿಯ ಗಂಡ ಎಂದು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಫೋನ್ ಇಟ್ಟೆ. ಮತ್ತೆ ಬಂತು. ಮತ್ತೆ ಇನ್ನೊಬ್ಬ, ಇನ್ನೊಂದು ಕಂಪನಿ. ಸಾಲಕ್ಕೆಂದು ಅವಳು ಬರೆದುಕೊಟ್ಟ ಗುರುತಿನವರ ಪಟ್ಟಿಯಲ್ಲಿ ನಾನೂ ಇದ್ದೇನೆಂದು ಆಗಲೇ ತಿಳಿದದ್ದು.

ಆಗಸ್ಟ್ 24, ಬೆಳಿಗ್ಗೆ

ಅಧಿವೇಶನವಿಲ್ಲ. ಆದರೂ ಚಮಚ ಎತ್ತಿದೆ.

"ಇಬ್ಬರು ಹುಡುಗರು ನನ್ನನ್ನ ಮುದುಕ ಅಂದ್ರು. ಬೇರೆಯವರ ಸಾಲಕ್ಕೆ. ಮಾನ್ಯ ಸಚಿವರು ಏನು ಕ್ರಮ ಕೈಗೊಂಡಿದ್ದಾರೆ?"

ಫೋನ್ ನೋಡುತ್ತಲೇ ಉತ್ತರ: "ಪರಿಶೀಲನೆಯಲ್ಲಿದೆ."

"ಆ ಕರಡು ಎಲ್ಲಿ?"

"ರೀ, ದೊಡ್ಡವರು ಅಬ್ಬಬ್ಬಾ ಅಂತಿದಾರೆ, ಈ ತಿಂಗಳು ಮಾರಾಟ ಅಷ್ಟಿದೆ. ಮುಂದಿನ ತಿಂಗಳು ತರ್ತೀನಿ. ಆಣೆ."

ಡಾಕ್ಟರಮ್ಮ ಹೇಗಿದ್ದಾಳೆ ಎಂದು ಇವಳು ಕೇಳಲಿಲ್ಲ. ಇವಳಿಗೆ ಡಾಕ್ಟರಮ್ಮ ಯಾರೆಂದೇ ಸರಿಯಾಗಿ ಗೊತ್ತಿಲ್ಲ. ಅವಳು ಬರುವ ಹೊತ್ತಿಗೆ ಇವಳೆಂದೂ ಮನೆಯಲ್ಲಿರಲಿಲ್ಲ.

ಅಕ್ಟೋಬರ್ 3

ಕೊಡುವವರು ಕೈ ಎತ್ತಿದರು.

ಫೋನಿನಲ್ಲಿ ಸಾಲ ಕೊಡುವ ಕಂಪನಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಬೆಳಿಗ್ಗೆ ಬಾಗಿಲು ಹಾಕಿತು. ಸಂಜೆಯೊಳಗೆ ಇನ್ನೂ ಎರಡು. ಹೊಸ ಸಾಲವಿಲ್ಲ, ಹಳೆಯದನ್ನು ಕಟ್ಟಲು ದಾರಿಯಿಲ್ಲ. ಕೆಮ್ಮಪ್ಪ ಸೋಫಾದ ಅಂಚಿನಲ್ಲಿ ಕುಳಿತು ಹೇಳಿದ್ದು ಹೇಳಿದ ಹಾಗೇ ಆಯಿತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇವಳು ಮನೆಗೆ ಬಂದಿಲ್ಲ.

ಅಕ್ಟೋಬರ್ 9

ನಮ್ಮ ಬೀದಿಯ ಕೊನೆಯ ಮನೆಯಿಂದ, ಕಂತು ಬಾಕಿಯೆಂದು, ವಾಷಿಂಗ್ ಮೆಷಿನ್ ಹೊತ್ತು ತಂದರು. ಒಳಗಿನ ನೆನೆದ ಬಟ್ಟೆಗಳನ್ನು ಮನೆಯಾಕೆ ಒಂದೊಂದಾಗಿ ಹೊರಗೆಳೆದುಕೊಂಡಳು. ಹೊತ್ತವರು ಕಾದು ನಿಂತರು, ಪಾಪ, ಅವರೇನೂ ಬೈಯಲಿಲ್ಲ. ವ್ಯಾನ್ ಹೋದ ಮೇಲೂ ಆಕೆ ಬಟ್ಟೆ ತಬ್ಬಿಕೊಂಡು ಅಲ್ಲೇ ನಿಂತಿದ್ದಳು. ನೀರು ಸೋರುತ್ತಿತ್ತು.

ಟಿವಿ ಹಾಕಿದರೆ ಇವಳ ಮುಖ. ಫೆಬ್ರವರಿಯದ್ದು. ಕೆಮ್ಮು, ಔಷಧಿ, ನಗು. ಎಲ್ಲ ಚಾನೆಲ್ಲಿನಲ್ಲೂ ಅದೇ, ಸುತ್ತಿ ಸುತ್ತಿ. ಟಿವಿ ಆರಿಸಿದೆ. ಪಕ್ಕದ ಮನೆಯ ಟಿವಿಯಿಂದ ನಗು ಗೋಡೆ ದಾಟಿ ಬಂತು.

ನವೆಂಬರ್ 12

ಬಹಳ ದಿನ ಬರೆಯಲಿಲ್ಲ. ಭುಜದ ನೆಪ ಹೇಳಬಹುದು. ಭುಜ ಚೆನ್ನಾಗಿಯೇ ಇದೆ.

ವಿಚಾರಣಾ ಆಯೋಗ ಕೂತಿದೆ. ಮುಖ್ಯಸ್ಥೆ ನಿವೃತ್ತ ನ್ಯಾಯಮೂರ್ತಿ, ನಗದ ಹೆಂಗಸು. ಕೆಮ್ಮಪ್ಪನವರನ್ನು ಸಸ್ಪೆಂಡ್ ಮಾಡಿದ್ದಾರೆ. "ಸ್ಪಷ್ಟವಾಗಿ ಎಚ್ಚರಿಸಲಿಲ್ಲ" ಎಂಬುದು ಆರೋಪ. ಸಾಬೀತಾದರೆ ಪಿಂಚಣಿಯೂ ಹೋಗುತ್ತದೆ, ಜೈಲೂ ಆಗಬಹುದೆಂದು ಪೇಪರಿನಲ್ಲಿದೆ.

ಪೇಪರನ್ನು ಇವಳ ಮುಂದೆ ಹಿಡಿದೆ. "ಸ್ಪಷ್ಟವಾಗಿ ಹೇಳಲಿಲ್ವಾ ಅವರು? ಮನೆಗೇ ಬಂದು ಹೇಳಿದ್ರಲ್ಲ."

"ಅದು ದೊಡ್ಡವರ ತೀರ್ಮಾನ," ಎಂದಳು. ತುಂಬ ಇಳಿದುಹೋಗಿದ್ದಾಳೆ. ಬಳೆ ಮೊಣಕೈವರೆಗೆ ಜಾರುತ್ತದೆ. ಬೈಯಲು ಮನಸ್ಸಾಗಲಿಲ್ಲ.

ಡಿಸೆಂಬರ್ 1

ಒಂಬತ್ತನೇ ತಾರೀಖು ಇವಳ ಸರದಿ. ಆಯೋಗದ ಮುಂದೆ. ಹೇಳಬೇಕಾದ ಉತ್ತರಗಳನ್ನು ದೊಡ್ಡವರ ಕಡೆಯ ವಕೀಲರು ಬರೆದು ಕಳಿಸಿದ್ದಾರೆ. ಭಾಷೆ ಒರಟು. "ಸ್ವಲ್ಪ ನೋಡ್ರೀ," ಎಂದು ನನ್ನ ಮುಂದೆ ಇಟ್ಟಳು.

ನೋಡಿದೆ. ನಾಚಿಕೆಯಿಲ್ಲದೆ ನೋಡಿದೆ. "ಎಚ್ಚರಿಕೆ ಬಂದಿರಲಿಲ್ಲ" ಎಂದಿದ್ದುದನ್ನು ಹೊಡೆದು, "ಎಚ್ಚರಿಕೆಯೆಂದು ಗುರುತಿಸಬಹುದಾದ ರೂಪದಲ್ಲಿ ನನ್ನ ಮುಂದೆ ಬರಲಿಲ್ಲ" ಎಂದು ಮಾಡಿದೆ. ಸದನದ ಆ ಮಾತಿನ ಬಗ್ಗೆ ಕೇಳಿದರೆ: "ಇಲಾಖೆ ಬರೆದುಕೊಟ್ಟ ಟಿಪ್ಪಣಿಯಂತೆ ಉತ್ತರಿಸಿದೆ." ಅಂದರೆ ಕೆಮ್ಮಪ್ಪನವರ ಮೇಲೆ ಆಡಿದ ಮಾತನ್ನೂ ಕೆಮ್ಮಪ್ಪನವರ ತಲೆಗೇ ಕಟ್ಟುವುದು. ಅಲ್ಲೊಂದು ಅಲ್ಪವಿರಾಮ ಸರಿಮಾಡಿದೆ.

ಚೆನ್ನಾಗಿ ಬಂದಿದೆ. ಸೋಪಿನಷ್ಟು ನುಣುಪು.

ಡಿಸೆಂಬರ್ 6

ಕರೆಗಂಟೆ. ಡಾಕ್ಟರಮ್ಮ! ಒಳಗೆ ಬಾ ಎಂದರೂ ಹೊಸ್ತಿಲಲ್ಲೇ ನಿಂತಳು. ಬಾಗಿಲ ಹಿಡಿಗೆ ಕಟ್ಟಿದ್ದ ರಬ್ಬರ್ ಪಟ್ಟಿ ಬೇಕಿತ್ತಂತೆ. ಅವಳು ಕೆಲಸಕ್ಕಿದ್ದ ಕ್ಲಿನಿಕ್ ಮುಚ್ಚಿದೆ. ಈಗ ಆಸ್ಪತ್ರೆಯಲ್ಲಿ ರೋಗಿಗಳ ಗಾಡಿ ತಳ್ಳುತ್ತಾಳೆ. ಬಿಡುವಿನಲ್ಲಿ ಒಂದಿಬ್ಬರಿಗೆ ಕೈಕಾಲು ಆಡಿಸಲು ಕಲಿಸಿದರೆ ನಾಲ್ಕು ಕಾಸು. ಸ್ಕೂಟರ್ ಹೋಯಿತು, ಫ್ರಿಜ್ಜು ಹೋಯಿತು, ಗಂಡನ ವ್ಯಾನೂ ಹೋಯಿತು. ಅಕ್ಕನ ಮನೆಯ ಒಂದು ರೂಮಿನಲ್ಲಿ ಮೂವರು. ಗಂಡ ಗೋಡೆಗೆ ಮುಖ ಮಾಡಿ ಮಲಗಿದವನು ಏಳುತ್ತಿಲ್ಲ.

"ನಿಮಗೆ ಫೋನ್ ಬಂದಿರ್ಬೇಕು. ಕ್ಷಮಿಸಿ ಸರ್. ಗೊತ್ತಿರೋ ದೊಡ್ಡ ಮನುಷ್ಯರ ಹೆಸರೂ ಬೇಕು ಅಂದ್ರು. ಅಂಥೋರು ನನಗೆ ಗೊತ್ತಿದ್ದಿದ್ದು ನೀವೊಬ್ರೇ."

ಕುಳಿತುಕೋ ಎಂದು ಬೇಡಿಕೊಂಡೆ. ಕುಳಿತಳು. ಅಭ್ಯಾಸಬಲದಿಂದ ನನ್ನ ತೋಳು ಹಿಡಿದು ಎತ್ತಿ ನೋಡಿದಳು. "ಪರವಾಗಿಲ್ಲ, ಮೇಲೆ ಹೋಗುತ್ತೆ ಈಗ," ಎಂದಳು.

"ಅಷ್ಟೊಂದು ಯಾಕಮ್ಮ ತಗೊಂಡ್ರಿ? ನಾನಾದ್ರೂ ಹೇಳ್ಬೇಕಿತ್ತು ನಿಂಗೆ..."

"ಇಲ್ಲ ಸರ್, ನಮ್ಮನೆಯವರು ಬೇಡ ಅಂತಾನೇ ಇದ್ರು. ಸಾಲ ಜಾಸ್ತಿ ಆಗಿದೆ, ಅಪಾಯ ಅಂತ ಯಾರೋ ಅಧಿಕಾರಿ ಹೇಳಿದ್ದು ಪೇಪರಲ್ಲಿ ಓದಿ ಹೆದರಿದ್ರು. ಅವತ್ತೇ ಟಿವಿಯಲ್ಲಿ ಮೇಡಂ ಹೇಳಿದ್ರಲ್ಲ, ಕೆಮ್ಮಿದಾಗಲೆಲ್ಲ ಔಷಧಿ ಅಂತ... ಇಬ್ರೂ ಬಿದ್ದು ಬಿದ್ದು ನಕ್ವಿ ಸರ್. ಮಗಳೂ ಕೆಮ್ಮಿ ಕೆಮ್ಮಿ ನಕ್ಕಳು, ಅರ್ಥ ಆಗ್ದಿದ್ರೂ. ಆಮೇಲೆ ಇವರೇ ಅಂದ್ರು, ಮಂತ್ರಿಗಳೇ ನಗ್ತಿದಾರೆ, ನಮಗೇನು ಭಯ, ಸ್ಕೂಟರ್ ತಗೊಂಡ್ಬಿಡೋಣ."

ದೂರುವ ದನಿಯಲ್ಲ. ನೆನೆದು ಸಣ್ಣಗೆ ನಕ್ಕಳು ಕೂಡ. ಒಳ್ಳೆಯ ದಿನಗಳ ನೆನಪು ಅವಳಿಗೆ ಅದು.

ಟೀ ಮಾಡುತ್ತೇನೆಂದು ಒಳಗೆ ಹೋಗಿ, ಒಲೆ ಹಚ್ಚದೆ, ಸಿಂಕಿಗೆ ಕೈ ಊರಿ ನಿಂತುಬಿಟ್ಟೆ. ಹೊರಗೆ ಬರುವಷ್ಟರಲ್ಲಿ ಪಟ್ಟಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಎದ್ದಿದ್ದಳು. ಡ್ಯೂಟಿಗೆ ಹೊತ್ತಾಯಿತಂತೆ. ಪರ್ಸಿನಲ್ಲಿದ್ದುದನ್ನು ಕೊಡಹೋದೆ. ತೆಗೆದುಕೊಳ್ಳಲಿಲ್ಲ. "ಸಾಲ ಸಾಕು ಸರ್," ಎಂದಳು.

ನಾನು ಬರೆದ ಮಾತುಗಳಲ್ಲಿ ಸೋಪು ಮಾರಿದವು ಎಷ್ಟೋ. ಅವನ್ನು ಕೊಂಡವರ ಮನೆಯೊಳಗೆ ನಾನು ಹೋಗಿರಲಿಲ್ಲ.

ಡಿಸೆಂಬರ್ 8, ಬೆಳಿಗ್ಗೆ

ಕೊನೆಯ ರಿಹರ್ಸಲ್. ಜಾಮ್ ಬಾಟಲಿ ಇವತ್ತು ನ್ಯಾಯಮೂರ್ತಿ. ಇವಳು ಕನ್ನಡಕ ಏರಿಸಿ ನನ್ನ ನುಣುಪಾದ ಉತ್ತರಗಳನ್ನು ಮಡಿಲಲ್ಲಿ ಹರಡಿಕೊಂಡಳು. ವಕೀಲರು ಕೊಟ್ಟ ಪ್ರಶ್ನೆಗಳ ಪಟ್ಟಿ ನನ್ನ ಕೈಯಲ್ಲಿತ್ತು. ಮಡಿಸಿ ಟೋಸ್ಟರಿನ ಕೆಳಗಿಟ್ಟೆ.

"ಆ ವರದಿ ನೀವು ಓದಿದ್ರಾ?"

"ಎಚ್ಚರಿಕೆಯೆಂದು ಗುರುತಿಸಬಹುದಾದ ರೂಪದಲ್ಲಿ—"

"ಓದಿದ್ರಾ?"

"ರೀ, ಈ ಪ್ರಶ್ನೆ ಪಟ್ಟಿಯಲ್ಲಿಲ್ಲ."

"ಅಲ್ಲಿ ಯಾರೂ ಕೇಳದಷ್ಟು ಕೆಟ್ಟ ಪ್ರಶ್ನೆ ಇಲ್ಲಿ ಕೇಳ್ಬೇಕು. ನಿಯಮ ನಿಂದೇ."

ಇವಳ ಮುಖ ಕೆಂಪೇರಿತು. "ಕೇಳೋಕೆ ನಿಮಗೆ ಬಾಯಿ ಹೇಗೆ ಬಂತು? ಆ ಮಾತು ಯಾರದ್ರೀ? ಎದ್ದು ನಿಂತು ಕೆಮ್ಮಿದ್ದು ಯಾರು?"

ಹತ್ತು ತಿಂಗಳಲ್ಲಿ ಮೊದಲ ಸಲ ಆಡಿದಳು ಇದನ್ನು. ಒಂದು ಸಲವೂ, ಎಷ್ಟು ಬೈಗುಳ ತಿಂದು ಬಂದ ದಿನವೂ, ನನ್ನತ್ತ ಬೆರಳು ತೋರಿಸಿರಲಿಲ್ಲ.

"ನಂದು," ಎಂದೆ. "ನಾಳೆ ಹೇಳಿಬಿಡು. ನನ್ನ ಗಂಡ ಬರೆದುಕೊಟ್ಟಿದ್ದು ಅನ್ನು." ಡಾಕ್ಟರಮ್ಮ ಬಂದದ್ದನ್ನೂ ಹೇಳಿದೆ. ಸ್ಕೂಟರು, ನಗು, ಗೋಡೆಗೆ ಮುಖ ಮಾಡಿದ ಗಂಡ, ಎಲ್ಲ. ಔಷಧಿ ಅಂಗಡಿಯಲ್ಲಿ ಟೂತ್‌ಪೇಸ್ಟಿನ ಹಿಂದೆ ಅಡಗಿದ್ದನ್ನೂ.

ಇವಳು ಬಹಳ ಹೊತ್ತು ಜಾಮ್ ಬಾಟಲಿಯ ಮುಚ್ಚಳ ತಿರುಗಿಸುತ್ತ ಕುಳಿತಳು. ತೆಗೆಯುವುದು, ಮುಚ್ಚುವುದು.

"ನೀವು ಸೋಪು ಮಾರಿದೋರು," ಎಂದಳು ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಜನ ಓಟು ಹಾಕಿದ್ದು ನಿಮಗಲ್ಲ. ವರದಿ ಬಂದಿದ್ದೂ ನಿಮ್ಮ ಹೆಸರಿಗಲ್ಲ."

"ಹಾಗಾದ್ರೆ ನಾಳೆ?"

"ನಾಳೆ ಆ ಕಾಗದ ಓದಿದ್ರೆ ನಾನು ಉಳೀತೀನಿ, ಅವರು ಜೈಲಿಗೆ. ಓದ್ದಿದ್ರೆ ನಾನು ಮನೆಗೆ. ಬರೀ ಮನೆಗೆ ಆದ್ರೆ ಪುಣ್ಯ. ಮೂವತ್ತು ವರ್ಷ ಬೀದಿ ಬೀದಿ ಅಲೆದು ಕಟ್ಟಿದ್ದು ರೀ ಇದು." ಮುಚ್ಚಳ ಬಿಗಿದಳು. "ಏನು ಮಾಡ್ತೀನೋ ನಂಗೇ ಗೊತ್ತಿಲ್ಲ."

ಎದ್ದು ಬಾಟಲಿಯನ್ನು ಫ್ರಿಜ್ಜಿನೊಳಗಿಟ್ಟಳು. ಟೀ ಮುಟ್ಟಿರಲಿಲ್ಲ. ಕಾಗದಗಳನ್ನು ಜೋಡಿಸಿ ಬ್ಯಾಗಿಗೆ ಹಾಕಿಕೊಂಡಳು, ಎಲ್ಲವನ್ನೂ.

ಡಿಸೆಂಬರ್ 9, ಬೆಳಿಗ್ಗೆ 10.30

ತಿಂಡಿ ಮೇಜಿನಲ್ಲಿ ಒಬ್ಬನೇ. ಟಿವಿ ಈ ಕಡೆ ತಿರುಗಿಸಿಕೊಂಡಿದ್ದೇನೆ. ನೇರ ಪ್ರಸಾರ. ಹೊರಡುವಾಗ ಕನ್ನಡಕ ಹುಡುಕಲಿಲ್ಲ, ಆಗಲೇ ಹಾಕಿಕೊಂಡಿದ್ದಳು. ಬಾಗಿಲಲ್ಲಿ ನಿಂತು, "ಟೋಸ್ಟ್ ಸೀದೀತು, ನೋಡ್ಕೊಳ್ಳಿ," ಎಂದಳು. ಟೋಸ್ಟ್ ಇಟ್ಟೇ ಇರಲಿಲ್ಲ.

ಬಂದಳು. ಕುಳಿತಳು. ಹಿಂದಿನ ಸಾಲಿನಲ್ಲಿ ಕೆಮ್ಮಪ್ಪ, ಅದೇ ಕೋಟು. ಪಕ್ಕದಲ್ಲಿ ಅವರ ಹೆಂಡತಿಯಿರಬೇಕು, ಚೀಲವನ್ನು ಎದೆಗವಚಿಕೊಂಡಿದ್ದಾರೆ.

10.40

ಸುಲಭದ ಪ್ರಶ್ನೆಗಳು. ಇವಳು ಕಾಗದ ನೋಡಿ ಓದುತ್ತಿದ್ದಾಳೆ. ನನ್ನ ವಾಕ್ಯಗಳು. ಕೇಳಲಾಗುತ್ತಿಲ್ಲ. ಎಷ್ಟು ಚೆನ್ನಾಗಿ ಬರೆದಿದ್ದೇನೆ, ದೇವರೇ.

ನ್ಯಾಯಮೂರ್ತಿ ಪೆನ್ನು ಕೆಳಗಿಟ್ಟರು. "ನೇರವಾಗಿ ಕೇಳ್ತೀನಿ. ಆ ವರದಿ ನೀವು ಓದಿದ್ರಾ?"

ಅದೇ ಪ್ರಶ್ನೆ. ಅದೇ ಮಾತುಗಳಲ್ಲಿ.

ಇವಳು ಪುಟ ತಿರುಗಿಸಿದಳು. ಹುಡುಕುತ್ತಿದ್ದಾಳೆ. ಸಿಕ್ಕಿತು... ಬೆರಳಿಟ್ಟಳು. ಬಾಯಿ ತೆರೆದಳು.

ಇಲ್ಲ. ಕನ್ನಡಕ ತೆಗೆದಳು. ಮಡಿಸಿ ಮೇಜಿನ ಮೇಲಿಟ್ಟಳು!

"ಓದಿದ್ದೆ. ಪೂರ್ತಿ ಓದಿದ್ದೆ. ಕೊನೇ ಪುಟ ಎರಡು ಸಲ. ಅವರು ಸ್ಪಷ್ಟವಾಗೇ ಬರೆದಿದ್ರು. ಕರಡು ನಿಯಮ ನನ್ನ ಮನೇಲೇ ಇತ್ತು, ಹಣ್ಣಿನ ಬುಟ್ಟಿ ಕೆಳಗೆ. ಸಹಿ ಹಾಕ್ಬೇಕಾಗಿದ್ದು ನಾನು. ಹಾಕ್ಲಿಲ್ಲ."

ಗದ್ದಲ. ವಕೀಲರು ಎದ್ದು ನಿಂತಿದ್ದಾರೆ. ಕ್ಯಾಮೆರಾ ಕೆಮ್ಮಪ್ಪನವರ ಕಡೆ ಹೋಯಿತು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಾರೆ. ಕೆಮ್ಮಲಿಲ್ಲ.

ನಾನು ಅಳುತ್ತಿದ್ದೇನೆ. ಬರೆಯುತ್ತಲೂ ಇದ್ದೇನೆ. ಇದೆಂಥ ಚಟ.

ನ್ಯಾಯಮೂರ್ತಿ: "ಸದನದಲ್ಲಿ ನೀವು ಕೊಟ್ಟ ಉತ್ತರ... ಆ ಕೆಮ್ಮಿನ ಮಾತು. ಇಲಾಖೆ ಬರೆದುಕೊಟ್ಟಿದ್ದಾ?"

"ಅಲ್ಲ."

"ಮತ್ತೆ ಯಾರು ಬರೆದುಕೊಟ್ಟಿದ್ದು?"

ಎದ್ದು ನಿಂತಿದ್ದೇನೆ. ನಿಂತೇ ಬರೆಯುತ್ತಿದ್ದೇನೆ. ಹೇಳು. ಹೇಳಿಬಿಡೇ.

ಕ್ಯಾಮೆರಾದ ಕಡೆ ನೋಡಿದಳು. ಕನ್ನಡಕವಿಲ್ಲ, ಅವಳಿಗೇನೂ ಕಾಣುತ್ತಿಲ್ಲ, ಆದರೂ ಇತ್ತಲೇ ನೋಡುತ್ತಿದ್ದಾಳೆ.

"ಯಾರೂ ಇಲ್ಲ. ನಂದೇ ಮಾತು."

ಸುಳ್ಳು. ಅಧ್ಯಕ್ಷರೇ, ಅದು ಸುಳ್ಳು, ಆ ಮಾತು ನನ್ನ—